ಮದ್ದುಪಾಯಸ ತಿಂದ ಮರುದಿನ ಮಗಳು ಕೇಳಿದ ಪ್ರಶ್ನೆ: ಟೈಪ್ 1 ಮಧುಮೇಹ ಮತ್ತು ಮಕ್ಕಳ ಮನಸ್ಸು

ಪೊನ್ನಂಪೇಟೆಯ ಅವ್ವ | ಆಗಸ್ಟ್ 5, ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ಬರೆಯಲೋ ಬೇಡವೋ ಎಂದು ಒಂದು ದಿನವಿಡೀ ಯೋಚಿಸಿ ಈಗ ಕುಳಿತಿದ್ದೇನೆ. ಹೊರಗೆ ಮಳೆ ಬಿಟ್ಟಿಲ್ಲ, ಮಗಳು ಮಲಗಿದ್ದಾಳೆ.

ಅವಳಿಗೆ ಒಂಬತ್ತು ವರ್ಷ. ಹೋದ ವರ್ಷ ಜೂನ್‌ನಲ್ಲಿ ಟೈಪ್ 1 ಮಧುಮೇಹ ಇದೆ ಎಂದು ಗೊತ್ತಾಯಿತು. ದಿನಕ್ಕೆ ನಾಲ್ಕು ಬಾರಿ ಇನ್ಸುಲಿನ್, ಆರೇಳು ಬಾರಿ ಬೆರಳು ಚುಚ್ಚಿ ಪರೀಕ್ಷೆ. ಸೂಜಿಗೆ ಅವಳು ನಮಗಿಂತ ಬೇಗ ಹೊಂದಿಕೊಂಡಳು. ಮೊದಲ ಆರು ತಿಂಗಳು ನೋಡಿದವರೆಲ್ಲ "ಎಷ್ಟು ಧೈರ್ಯದ ಹುಡುಗಿ" ಎಂದರು. ನಾನೂ ಹಾಗೆಯೇ ನಂಬಿದೆ. ಈಚೆಗೆ ಮಾತು ಕಡಿಮೆಯಾಗಿದೆ. ಹಾಕಿ ಸ್ಟಿಕ್ಕನ್ನು ಮುಟ್ಟುವುದಿಲ್ಲ. ಇನ್ಸುಲಿನ್ ಪೆನ್ನನ್ನು ಚೀಲದ ತಳದಲ್ಲಿ ಪುಸ್ತಕಗಳ ಕೆಳಗೆ ಬಚ್ಚಿಡುತ್ತಾಳೆ.

ಮೊನ್ನೆ ಕಕ್ಕಡ ಹದಿನೆಂಟು, ಮದ್ದುಸೊಪ್ಪು ಎಂಬ ಔಷಧಿ ಸೊಪ್ಪಿನ ಅಡುಗೆ ಮಾಡಿ ತಿನ್ನುವ ನಮ್ಮ ಕೊಡಗಿನ ಮಳೆಗಾಲದ ದಿನ. ಐನ್‌ಮನೆಯಲ್ಲಿ (ಮನೆತನದ ಮೂಲಮನೆ) ಎಲ್ಲರೂ ಸೇರಿದ್ದೆವು. ಮದ್ದುಪಾಯಸ ಬಡಿಸುವಾಗ ನನ್ನ ಅತ್ತೆ ಅವಳ ಮುಂದಿನ ಬಟ್ಟಲನ್ನು ಎತ್ತಿಕೊಂಡು, "ನಿನಗೆ ಬೇಡ ಮಗಳೇ, ಸಿಹಿ ತಿಂದು ತಿಂದೇ ಈ ಗತಿ ಬಂತು" ಎಂದರು. ಪ್ರೀತಿಯಿಂದಲೇ ಹೇಳಿದರು, ಕಣ್ಣಲ್ಲಿ ನೀರೂ ಇತ್ತು. ಮಗಳು ಏನೂ ಹೇಳದೆ ಎದ್ದು ಹೋದಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಗೆ ಹೋಗಿ ಕತ್ತಲಲ್ಲಿ ಪಾಯಸ ತಿಂದಿದ್ದಾಳೆ.

ಮದ್ದುಸೊಪ್ಪಿನ ಅಡುಗೆ ತಿಂದರೆ ಮರುದಿನ ಮೂತ್ರ ಕೆಂಪಾಗುತ್ತದೆ ಎಂಬುದು ಇಲ್ಲಿಯವರಿಗೆಲ್ಲ ಗೊತ್ತು. ಮಕ್ಕಳಿಗೆ ಅದೊಂದು ತಮಾಷೆ, ಬೆಳಿಗ್ಗೆ ಎದ್ದು ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಾರೆ. ಇವಳಿಗೆ ಅದು ನೆನಪಿರಲಿಲ್ಲ. ಜ್ವರ ಬಂದಾಗ, ಸಕ್ಕರೆ ಏರಿದಾಗ ಕೀಟೋನ್ (ಇನ್ಸುಲಿನ್ ಸಾಲದಾಗ ದೇಹದಲ್ಲಿ ಸೇರುವ ಆಮ್ಲ) ನೋಡಲು ಇವಳ ಮೂತ್ರವನ್ನು ನಾವು ಪಟ್ಟಿಯಲ್ಲಿ ಪರೀಕ್ಷಿಸುತ್ತೇವೆ, ಬಣ್ಣ ಬದಲಾದರೆ ನಮ್ಮ ಮುಖ ಬದಲಾಗುವುದನ್ನು ಅವಳು ನೋಡಿದ್ದಾಳೆ. ಬಚ್ಚಲಿನಿಂದ ನಡುಗುತ್ತಾ ಬಂದು ನನ್ನನ್ನು ಹಿಡಿದುಕೊಂಡಳು. "ಅವ್ವಾ, ನಾನು ಕದ್ದು ತಿಂದೆ, ಅದಕ್ಕೆ ರಕ್ತ ಬಂತು. ಮೊದಲು ಕಾಯಿಲೆ ಬಂದದ್ದೂ ನಾನು ಕದ್ದು ತಿಂದದ್ದಕ್ಕೆ ಅಲ್ಲವೇ?"

ಹದಿನಾಲ್ಕು ತಿಂಗಳು ಈ ಮಗು ತನ್ನ ತಪ್ಪಿನಿಂದ ಕಾಯಿಲೆ ಬಂತು ಎಂದುಕೊಂಡು ಬದುಕಿದೆ. ನಾನು ಸಕ್ಕರೆಯ ಅಂಕಿ ಬರೆದಿಡುತ್ತಾ ಪಕ್ಕದಲ್ಲೇ ಇದ್ದೆ. ಅವಳಿಗೆ ಏನು ಹೇಳಬೇಕು, ಹೇಗೆ ಹೇಳಬೇಕು? ಶಾಲೆಯಲ್ಲಿ ಎಲ್ಲರಿಗೂ ತಿಳಿಸುವುದೇ, ಬೇಡವೇ? "ಹೆಣ್ಣುಮಗು, ಊರಿಗೆಲ್ಲ ಹೇಳಬೇಡ" ಎಂಬ ಮಾತು ಮನೆಯಲ್ಲಿದೆ. ತಿಳಿದವರು ಹೇಳಿ.

ಸಿದ್ದಾಪುರ ನಿವಾಸಿ | ಆಗಸ್ಟ್ 5, ರಾತ್ರಿ 10:52

ಅಕ್ಕ, ಓದಿ ಎದೆ ಭಾರವಾಯಿತು. ಮೊದಲು ಒಂದು ಮಾತು ಮನೆಯವರೆಲ್ಲರಿಗೂ ಗಟ್ಟಿಯಾಗಿ ಹೇಳಿ. ಟೈಪ್ 1 ಮಧುಮೇಹ ಸಿಹಿ ತಿಂದು ಬರುವುದಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳ ಮೇಲೆ ತಿರುಗಿಬಿದ್ದು ಅವುಗಳನ್ನು ನಾಶ ಮಾಡುತ್ತದೆ. ಅಜ್ಜ ಅಜ್ಜಿಯರಿಗೆ ಬರುವ ಸಕ್ಕರೆ ಕಾಯಿಲೆಯೇ ಬೇರೆ, ಇದೇ ಬೇರೆ. ಹೆಸರು ಒಂದೇ ಆದದ್ದರಿಂದ ಎಷ್ಟು ಮಕ್ಕಳು ಮಾತು ಕೇಳಬೇಕಾಗಿದೆ!

ಆಪ್ತಸಮಾಲೋಚಕಿ, ಮಡಿಕೇರಿ | ಆಗಸ್ಟ್ 6, ಬೆಳಿಗ್ಗೆ 7:15

ನಿಮ್ಮ ಮಗಳು ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದಳಲ್ಲ, ಅದು ದೊಡ್ಡ ವಿಷಯ. ಬಹಳ ಮಕ್ಕಳು ಕೇಳುವುದೇ ಇಲ್ಲ.

ಸುಮಾರು ನಾಲ್ಕರಿಂದ ಏಳೆಂಟು ವರ್ಷದ ಮಕ್ಕಳು ಕಾಯಿಲೆಯನ್ನು ಶಿಕ್ಷೆ ಎಂದು ತಿಳಿಯುವುದು ಸಾಮಾನ್ಯ. ತಪ್ಪು ಮಾಡಿದರೆ ಕೆಟ್ಟದ್ದು ತಾನಾಗಿಯೇ ಬಂದು ಮುಟ್ಟುತ್ತದೆ ಎಂದು ಸಣ್ಣ ಮಕ್ಕಳು ನಂಬುವುದನ್ನು ಸ್ವಿಟ್ಜರ್‌ಲ್ಯಾಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಬಹಳ ಹಿಂದೆಯೇ ವಿವರಿಸಿದ್ದರು. ನಿಮ್ಮ ಮಗಳಿಗೆ ರೋಗ ಬಂದದ್ದು ಎಂಟರ ವಯಸ್ಸಿನಲ್ಲಿ, ಆ ನಂಬಿಕೆ ಇನ್ನೂ ಪೂರ್ತಿ ಕಳಚಿರದ ವಯಸ್ಸಿನಲ್ಲಿ. ಮೇಲಿನಿಂದ ದೊಡ್ಡವರ ಮಾತೂ ಸೇರಿತು. "ನಿನ್ನ ತಪ್ಪಲ್ಲ" ಎಂದು ಒಮ್ಮೆ ಹೇಳಿದರೆ ಸಾಲುವುದಿಲ್ಲ. ಅವಳಿಗೆ ಒಂದು ಚಿತ್ರ ಬರೆಯಲು ಹೇಳಿ. ದೇಹದೊಳಗೆ ಏನಾಯಿತು ಎಂದು ಅವಳು ಅಂದುಕೊಂಡಿದ್ದಾಳೋ ಅದನ್ನು ಬರೆಯಲಿ. ತಪ್ಪು ಎಲ್ಲಿದೆ ಎಂಬುದು ನಿಮಗೆ ಕಾಣಿಸುತ್ತದೆ, ಅಲ್ಲಿಂದ ತಿದ್ದಿ. ವರ್ಷ ಕಳೆದಂತೆ ಅದೇ ಮಾತನ್ನು ಹೊಸದಾಗಿ, ಅವಳ ವಯಸ್ಸಿಗೆ ತಕ್ಕ ಹಾಗೆ ಮತ್ತೆ ಹೇಳಬೇಕಾಗುತ್ತದೆ.

ಇನ್ನೊಂದು ವಿಷಯ ನಿಮಗೆ ಸಮಾಧಾನ ಕೊಡಬಹುದು. ದೀರ್ಘಕಾಲದ ಕಾಯಿಲೆ ಇರುವ ಮಕ್ಕಳಲ್ಲಿ ಕಳವಳ, ಖಿನ್ನತೆ ಉಳಿದ ಮಕ್ಕಳಿಗಿಂತ ಸ್ವಲ್ಪ ಹೆಚ್ಚು ಕಾಣುತ್ತದೆ, ಇದು ನಿಜ. ಆದರೆ ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಹೊಂದಿಕೊಳ್ಳುತ್ತಾರೆ. ರೋಗ ಎಷ್ಟು ಕಠಿಣ ಎಂಬುದಕ್ಕಿಂತ ಮನೆಯ ವಾತಾವರಣ, ತಂದೆತಾಯಿಯ ಮನಸ್ಸಿನ ಸ್ಥಿತಿ, ಗೆಳೆಯರ ಒಡನಾಟ ಇವು ಮಗುವಿನ ಮನಸ್ಸನ್ನು ಹೆಚ್ಚು ರೂಪಿಸುತ್ತವೆ ಎಂದು ಸಂಶೋಧನೆಗಳು ಮತ್ತೆ ಮತ್ತೆ ಕಂಡುಕೊಂಡಿವೆ. ಸೌಮ್ಯವಾದ ಆಸ್ತಮಾ ಇರುವ ಮಗು ಕುಗ್ಗಿಹೋಗಿರುವುದನ್ನೂ, ತಿಂಗಳಿಗೆ ಎರಡು ಬಾರಿ ರಕ್ತ ಹಾಕಿಸಿಕೊಳ್ಳುವ ಥಲಸೇಮಿಯಾ ಮಗು ತರಗತಿಯಲ್ಲೇ ಗಟ್ಟಿ ದನಿಯದಾಗಿರುವುದನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ಆದ್ದರಿಂದ ನಿಮ್ಮನ್ನೂ ಕೇಳುತ್ತೇನೆ. ನೀವು ಈ ಹದಿನಾಲ್ಕು ತಿಂಗಳಲ್ಲಿ ಒಂದು ರಾತ್ರಿಯಾದರೂ ಪೂರ್ತಿ ನಿದ್ದೆ ಮಾಡಿದ್ದೀರಾ? ನಿಮ್ಮ ಅಳುವನ್ನು ಯಾರ ಮುಂದೆ ಅಳುತ್ತೀರಿ?

ಸೋಮವಾರಪೇಟೆಯ ಒಬ್ಬ ತಂದೆ | ಆಗಸ್ಟ್ 6, ರಾತ್ರಿ 9:30

ನನ್ನ ಮಗನಿಗೆ ಈಗ ಹತ್ತೊಂಬತ್ತು. ಹನ್ನೊಂದರಲ್ಲಿ ಟೈಪ್ 1 ಬಂತು. ನಾನು ಮಾಡಿದ ತಪ್ಪನ್ನು ಬರೆಯುತ್ತೇನೆ, ನಿಮಗಾದರೂ ಉಪಯೋಗವಾಗಲಿ.

ನಾನು ಲೆಕ್ಕದ ಮನುಷ್ಯ. ತೋಟದ ಲೆಕ್ಕ ಬರೆಯುವ ಹಾಗೆಯೇ ಮಗನ ಸಕ್ಕರೆಯ ಲೆಕ್ಕ ಬರೆಸಿದೆ. ಅಂಕಿ ಹೆಚ್ಚು ಬಂದರೆ "ಏನು ತಿಂದೆ?" ಎಂಬುದೇ ನನ್ನ ಮೊದಲ ಮಾತು. ಹೊಡೆಯಲಿಲ್ಲ, ಬೈಯಲೂ ಇಲ್ಲ, ಕೇಳಿದೆ ಅಷ್ಟೆ. ಹದಿಮೂರರ ವಯಸ್ಸಿನಲ್ಲಿ ಅವನ ಪುಸ್ತಕದ ತುಂಬ 110, 125, 118. ನನಗೆ ಹೆಮ್ಮೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿದಾಗ ಹನ್ನೊಂದರ ಹತ್ತಿರ ಬಂತು, ಅಂದರೆ ಬಹಳ ಹೆಚ್ಚು. ವೈದ್ಯರು ಯಂತ್ರದ ನೆನಪಿನಲ್ಲಿ ಉಳಿದಿದ್ದ ಅಂಕಿಗಳನ್ನು ತೆಗೆದು ತೋರಿಸಿದರು. ಪುಸ್ತಕದಲ್ಲಿದ್ದದ್ದೆಲ್ಲ ಸುಳ್ಳು. ಮೈಸೂರಿನಿಂದ ಬಸ್ಸಿನಲ್ಲಿ ಬರುವಾಗ ಕುಶಾಲನಗರದವರೆಗೂ ನಾನು ಒಂದು ಮಾತೂ ಆಡಲಿಲ್ಲ. ಆಮೇಲೆ ಅವನೇ ಹೇಳಿದ: "ಅಪ್ಪಾ, ನಿಜ ಬರೆದರೆ ನಿಮ್ಮ ಮುಖ ನೋಡಲಾಗುವುದಿಲ್ಲ."

ಸಹಾಯ ಮಾಡಲು ಹೋಗಿ ಕಾವಲು ಕಾಯುವುದು, ಕಾವಲು ಹೆಚ್ಚಾದಂತೆ ಮಗು ಬಚ್ಚಿಡುವುದು, ಬಚ್ಚಿಟ್ಟದ್ದು ಕಂಡಾಗ ಕಾವಲು ಇನ್ನೂ ಬಿಗಿಯಾಗುವುದು. ಜೇಮ್ಸ್ ಕೋಯ್ನ್ ಮತ್ತು ಬಾರ್ಬರಾ ಆಂಡರ್ಸನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ದೀರ್ಘರೋಗವಿರುವ ಮಕ್ಕಳ ಮನೆಗಳಲ್ಲಿ ಇದನ್ನೇ ಗುರುತಿಸಿ, ದಾರಿ ತಪ್ಪಿದ ನೆರವು ಎಂಬ ಅರ್ಥದ ಹೆಸರು ಕೊಟ್ಟಿದ್ದಾರೆ ಎಂದು ಆಮೇಲೆ ಒಬ್ಬರು ಸಮಾಲೋಚಕರಿಂದ ತಿಳಿಯಿತು. ಪ್ರಾಯಕ್ಕೆ ಬರುವಾಗ ಹಾರ್ಮೋನುಗಳ ಕಾರಣ ಇನ್ಸುಲಿನ್ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ, ಏನೂ ತಿನ್ನದಿದ್ದರೂ ಸಕ್ಕರೆ ಏರುತ್ತದೆ ಎಂದೂ ಆಗಲೇ ಗೊತ್ತಾದದ್ದು. ತಪ್ಪಿಲ್ಲದೆ ಎಷ್ಟು ಸಲ ಅವನನ್ನು ಕಟಕಟೆಯಲ್ಲಿ ನಿಲ್ಲಿಸಿದ್ದೆನೋ.

ಆಮೇಲೆ ನಮ್ಮ ಮನೆಯಲ್ಲಿ ಮಾತು ಬದಲಾಯಿಸಿದೆವು. "ಒಳ್ಳೆಯ ಸಕ್ಕರೆ, ಕೆಟ್ಟ ಸಕ್ಕರೆ" ಎನ್ನುವುದನ್ನು ಬಿಟ್ಟು "ಹೆಚ್ಚಿದೆ, ಕಡಿಮೆ ಇದೆ, ಸರಿಯಿದೆ" ಎಂದಷ್ಟೇ ಹೇಳುತ್ತೇವೆ. ಹೆಚ್ಚಿದ್ದರೆ ಕೇಳುವ ಪ್ರಶ್ನೆ "ಈಗ ಏನು ಮಾಡೋಣ?" ಅಷ್ಟೆ. ಆ ಒಂದು ಪ್ರಶ್ನೆ ಕಲಿಯಲು ನನಗೆ ಎರಡು ವರ್ಷ ಬೇಕಾಯಿತು.

ಕುಶಾಲನಗರದಿಂದ | ಆಗಸ್ಟ್ 7, ಮಧ್ಯಾಹ್ನ 2:05

ಎಲ್ಲರೂ ಶಾಲೆಗೆ ಹೇಳಿ ಎನ್ನಬಹುದು. ನನ್ನ ಅನುಭವ ಬೇರೆ. ನನ್ನ ಮಗಳಿಗೆ ಮೂರ್ಛೆರೋಗ. ನಾವು ಪ್ರಾಮಾಣಿಕವಾಗಿ ಶಾಲೆಗೆ ತಿಳಿಸಿದೆವು. ಆ ವರ್ಷ ಪ್ರವಾಸಕ್ಕೆ ಅವಳನ್ನು ಕರೆದುಕೊಂಡು ಹೋಗಲಿಲ್ಲ, ಜವಾಬ್ದಾರಿ ತೆಗೆದುಕೊಳ್ಳಲಾಗದು ಎಂದರು. ಒಬ್ಬ ಹುಡುಗನ ತಾಯಿ, ಅವಳ ಪಕ್ಕದಲ್ಲಿ ಮಗನನ್ನು ಕೂರಿಸಬೇಡಿ ಎಂದು ಬಂದು ಹೇಳಿದರು. ಅಂಟುರೋಗ ಎಂದು ಅವರ ನಂಬಿಕೆ. ಮಗಳು ಈಗಲೂ ನನ್ನನ್ನು ಕೇಳುತ್ತಾಳೆ, "ನೀವು ಯಾಕೆ ಹೇಳಿದಿರಿ?" ಎಂದು. ಆದ್ದರಿಂದ ಯೋಚಿಸಿ ಹೆಜ್ಜೆ ಇಡಿ.

ನಿವೃತ್ತ ಶಿಕ್ಷಕ, ವಿರಾಜಪೇಟೆ | ಆಗಸ್ಟ್ 7, ಸಂಜೆ 6:40

ಕುಶಾಲನಗರದ ತಾಯಿಗೆ, ನಿಮ್ಮ ಮಗಳಿಗೆ ಆದದ್ದು ಅನ್ಯಾಯ. ಮೂವತ್ತೊಂದು ವರ್ಷ ಪಾಠ ಮಾಡಿದವನಾಗಿ ಹೇಳುತ್ತೇನೆ, ಅಂಥದ್ದರಲ್ಲಿ ನಮ್ಮ ಪಾಲೂ ಇದೆ. ಆಸ್ತಮಾ ಇದ್ದ ಒಬ್ಬ ಹುಡುಗನನ್ನು ಮಳೆಗಾಲವಿಡೀ ಆಟದ ಪಿರಿಯಡ್‌ನಲ್ಲಿ ತರಗತಿಯೊಳಗೆ ಒಬ್ಬನೇ ಕೂರಿಸಿದ್ದೆ. ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವನು ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟುತ್ತದೆ. ಇನ್ಹೇಲರ್ ಜೇಬಿನಲ್ಲಿದ್ದರೆ ಅವನು ಆಡಬಹುದಿತ್ತು ಎಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಲಿಲ್ಲ.

ನನ್ನ ಅಭಿಪ್ರಾಯ ಇದು. ದೊಡ್ಡವರಿಗೆ ಹೇಳುವುದು ಬೇರೆ, ಮಕ್ಕಳಿಗೆ ಹೇಳುವುದು ಬೇರೆ. ತರಗತಿಯ ಶಿಕ್ಷಕರು, ದೈಹಿಕ ಶಿಕ್ಷಕರು, ಶಾಲಾ ವಾಹನದ ಚಾಲಕ, ಬಿಸಿಯೂಟ ಬಡಿಸುವವರು ಇವರಿಗೆ ಗೊತ್ತಿರಲೇಬೇಕು. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಮಗು ಬೆವರುತ್ತದೆ, ನಡುಗುತ್ತದೆ, ಸಿಡುಕುತ್ತದೆ, ಪ್ರಶ್ನೆಗೆ ಉತ್ತರ ತೋಚದೆ ನಿಲ್ಲುತ್ತದೆ. ತಿಳಿಯದ ಮೇಷ್ಟರಿಗೆ ಅದು ಉದ್ಧಟತನವಾಗಿ ಕಾಣುತ್ತದೆ. ಗೆಳತಿಯರಿಗೆ ಹೇಳುವ ವಿಷಯವಾದರೋ ಮಗುವಿನದ್ದು. ಯಾರಿಗೆ, ಎಷ್ಟು, ಯಾವಾಗ ಎಂಬುದನ್ನು ಅವಳೇ ನಿರ್ಧರಿಸಲಿ.

ಶಾಲೆ ಒಪ್ಪದಿದ್ದರೆ ನಿಮ್ಮ ಕೈಯಲ್ಲಿ ಇದು ಇರಲಿ: 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು, ಟೈಪ್ 1 ಮಧುಮೇಹವಿರುವ ಮಕ್ಕಳಿಗೆ ತರಗತಿಯಲ್ಲಿ ಪರೀಕ್ಷೆ ಮಾಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ನಡುವೆ ತಿನ್ನಲು ಅವಕಾಶ ಕೊಡಬೇಕೆಂದು ರಾಜ್ಯಗಳಿಗೆ ಬರೆದಿದೆ. ಇದು ಅವರು ನಿಮಗೆ ತೋರಿಸುವ ದಯೆಯಲ್ಲ, ಮಗುವಿನ ಹಕ್ಕು ಎಂಬುದು ನಿಮಗೂ ಅವರಿಗೂ ತಿಳಿದಿರಬೇಕು.

ರೈಟ್ ಬ್ಯಾಕ್ 22 | ಆಗಸ್ಟ್ 8, ರಾತ್ರಿ 11:10

ಅಕ್ಕ, ನಿಮ್ಮ ಮಗಳ ಜಾಗದಲ್ಲಿ ನಾನು ಇದ್ದೆ. ನನಗೆ ಇಪ್ಪತ್ತೆರಡು, ಹತ್ತರಿಂದ ಟೈಪ್ 1. ಅಮ್ಮತ್ತಿಯ ಕಡೆಯವಳು, ಈಗ ಮೈಸೂರಿನಲ್ಲಿ ಓದುತ್ತಿದ್ದೇನೆ.

"ಧೈರ್ಯದ ಹುಡುಗಿ" ಎಂಬ ಮಾತಿನ ಬಗ್ಗೆ ಬರೆಯಬೇಕು. ಎಲ್ಲರೂ ಹಾಗೆಂದಾಗ ಅಳಲು ಜಾಗವೇ ಇರಲಿಲ್ಲ. ಅತ್ತರೆ ಅಮ್ಮ ಕುಸಿಯುತ್ತಾಳೆ ಎಂದು ಗೊತ್ತಿತ್ತು. ಹತ್ತು ವರ್ಷದ ನಾನು ಅಮ್ಮನನ್ನು ನೋಡಿಕೊಳ್ಳುತ್ತಿದ್ದೆ. ಮೂರು ವರ್ಷ ಹಾಗೆ ನಡೆಯಿತು, ಹದಿಮೂರರಲ್ಲಿ ಬೇಸತ್ತು ಇನ್ಸುಲಿನ್ ತಪ್ಪಿಸಲು ಶುರು ಮಾಡಿದೆ. ಸಾಯಬೇಕೆಂದಲ್ಲ. ಒಂದು ದಿನ ಉಳಿದವರ ಹಾಗೆ ಇರಬೇಕೆನಿಸಿತ್ತು. ಆ ಒಂದು ದಿನ ಆಸ್ಪತ್ರೆಯ ಐದು ದಿನವಾಯಿತು.

ನನ್ನನ್ನು ಎತ್ತಿದವರು ನಮ್ಮ ಹಾಕಿ ತರಬೇತುದಾರರು. ಅವರು ಕಾಯಿಲೆಯ ಬಗ್ಗೆ ಏನೂ ಕೇಳಲಿಲ್ಲ. ಒಂದು ದಿನ ನೋಡಿದರೆ ಅವರ ಸೀಟಿಯ ದಾರದ ಜತೆ ಒಂದು ಪುಟ್ಟ ಗ್ಲೂಕೋಸ್ ಪೊಟ್ಟಣ. "ನಿನ್ನದು ನಿನ್ನ ಹತ್ತಿರ, ಒಂದು ನನ್ನ ಹತ್ತಿರ. ಹೋಗು, ಬಲಗಡೆ ನಿಲ್ಲು" ಎಂದರು.

ಆಟಕ್ಕೆ ಮೊದಲು ಪರೀಕ್ಷೆ ಮಾಡಲಿ. 90ಕ್ಕಿಂತ ಕಡಿಮೆ ಇದ್ದರೆ ತಿಂದು ಇಳಿಯಲಿ. 250ಕ್ಕಿಂತ ಹೆಚ್ಚಿದ್ದು ಕೀಟೋನ್ ಕೂಡ ಇದ್ದರೆ ಆ ದಿನ ಆಟ ಬೇಡ. ಸಂಜೆ ಚೆನ್ನಾಗಿ ಓಡಿದ ದಿನ ಸಕ್ಕರೆ ನಡುರಾತ್ರಿ ಇಳಿಯಬಹುದು, ಆ ರಾತ್ರಿ ಒಮ್ಮೆ ನೋಡಿ. ಪ್ರಮಾಣವನ್ನು ನಿಮ್ಮ ವೈದ್ಯರ ಹತ್ತಿರ ಮಾತಾಡಿ. ಅವಳಿಗೆ ಪಾಕಿಸ್ತಾನದ ಬೌಲರ್ ವಾಸಿಂ ಅಕ್ರಂ ಕಥೆ ಹೇಳಿ. ಆಟದ ಉತ್ತುಂಗದಲ್ಲಿದ್ದಾಗ ಮಧುಮೇಹ ಬಂತು, ಅದಾದ ಮೇಲೂ ಆಡಿ 2003ರ ವಿಶ್ವಕಪ್‌ನಲ್ಲಿ ಐನೂರನೆಯ ಏಕದಿನ ವಿಕೆಟ್ ತೆಗೆದರು. ಹಾಕಿಯ ಊರಿನವರಿಗೆ ಕ್ರಿಕೆಟಿಗನ ಉದಾಹರಣೆ ಕೊಡುತ್ತಿದ್ದೇನೆ, ಕ್ಷಮಿಸಿ, ನನಗೆ ಹತ್ತರಲ್ಲಿ ಅವರೇ ಸಿಕ್ಕಿದ್ದು.

ಹಾಡಿಗಳಲ್ಲಿ ಕೆಲಸ ಮಾಡುವ ಆರೋಗ್ಯ ಕಾರ್ಯಕರ್ತೆ | ಆಗಸ್ಟ್ 9, ರಾತ್ರಿ 8:25

ಇಲ್ಲಿ ಬರೆಯುತ್ತಿರುವವರೆಲ್ಲ ಓದಿದವರು, ಮೈಸೂರಿಗೆ ಹೋಗಿಬರಲು ಆಗುವವರು. ಬೇರೆ ಮಕ್ಕಳ ಬಗ್ಗೆಯೂ ಒಂದು ಮಾತು ಹೇಳಲು ಅನುಮತಿ ಕೊಡಿ.

ಕುಡಗೋಲು ಕಣ ರಕ್ತಹೀನತೆ, ಸಿಕಲ್ ಸೆಲ್ ಎನ್ನುತ್ತಾರಲ್ಲ, ಅದು ನೀಲಗಿರಿ, ವಯನಾಡು, ನಮ್ಮ ಗಡಿಯ ಕಾಡಂಚಿನ ಬುಡಕಟ್ಟು ಜನರಲ್ಲಿ ಇದೆ. ಕೆಂಪು ರಕ್ತಕಣ ಕುಡಗೋಲಿನ ಆಕಾರಕ್ಕೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಮೂಳೆ ಮೂಳೆ ನೋಯುತ್ತದೆ. ಚಳಿ, ನೆನೆಯುವುದು, ಜ್ವರ, ನೀರು ಕಡಿಮೆ ಕುಡಿಯುವುದು, ಇವು ನೋವನ್ನು ಕೆರಳಿಸುತ್ತವೆ. ಕೊಡಗಿನ ಜುಲೈಯನ್ನು ನೆನಪಿಸಿಕೊಳ್ಳಿ.

ನನಗೆ ಗೊತ್ತಿರುವ ಒಬ್ಬ ಹುಡುಗ ವಸತಿ ಶಾಲೆಯಲ್ಲಿದ್ದ. ಬೆಳಿಗ್ಗೆ ಐದೂವರೆಗೆ ತಣ್ಣೀರಿನ ಸ್ನಾನಕ್ಕೆ ಏಳುವುದಿಲ್ಲ ಎಂದು ಸೋಮಾರಿ ಎನಿಸಿಕೊಂಡ. ನೋವು ಹೊರಗೆ ಕಾಣುವುದಿಲ್ಲ, ಊತವೂ ಯಾವಾಗಲೂ ಇರುವುದಿಲ್ಲ. ನಾಟಕ ಎಂದರು. ಕೆಲವು ತಿಂಗಳಲ್ಲಿ ಅವನೂ ಹಾಗೆಯೇ ನಂಬಿದ. "ನಾನು ಸುಳ್ಳು ಹೇಳುತ್ತೇನಂತೆ" ಎಂದು ನನಗೆ ಹೇಳಿದ, ಬೇರೆಯವರ ವಿಷಯ ಹೇಳುವ ಹಾಗೆ. ರಕ್ತಪರೀಕ್ಷೆಯ ಫಲಿತಾಂಶ ಬಂದ ದಿನ ಅವನ ಮುಖದಲ್ಲಿ ಕಂಡದ್ದು ದುಃಖವಲ್ಲ, ನಿರಾಳ. ತನ್ನ ನೋವಿಗೆ ಒಂದು ಹೆಸರಿದೆ!

ಅವನ ವಿಷಯದಲ್ಲಿ ಮನಸ್ಸಿನ ಚಿಕಿತ್ಸೆ ಒಂದು ಸ್ವೆಟರ್‌ನಿಂದ ಶುರುವಾಯಿತು. ಬಿಸಿನೀರು, ಒಣಗಿದ ಕಾಲುಚೀಲ, ಬೆಂಚಿನ ಮೇಲೊಂದು ನೀರಿನ ಬಾಟಲಿ. ನಂಬುವ ಒಬ್ಬ ಮೇಲ್ವಿಚಾರಕರು ಸಿಕ್ಕ ಮೇಲೆ ನಗಲು ಶುರು ಮಾಡಿದ. ಕುಡಗೋಲು ಕಣ ರೋಗ, ಥಲಸೇಮಿಯಾ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಮೂರೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿವೆ, ಪ್ರಮಾಣಪತ್ರ ಮಾಡಿಸಿಕೊಳ್ಳಿ. 2023ರ ಜುಲೈಯಿಂದ ರಾಷ್ಟ್ರೀಯ ಅಭಿಯಾನದಡಿ ಸಿಕಲ್ ಸೆಲ್ ರಕ್ತಪರೀಕ್ಷೆ ನಡೆಯುತ್ತಿದೆ. ನಿಮ್ಮ ತೋಟದ ಲೈನ್ ಮನೆಗಳಲ್ಲಿ ಆಗಾಗ ಕೈಕಾಲು ನೋವೆಂದು ಅಳುವ ಮಗುವಿದ್ದರೆ ದಯವಿಟ್ಟು ಪರೀಕ್ಷೆಗೆ ಕಳುಹಿಸಿ.

ಅಣ್ಣ, ನಾಪೋಕ್ಲು | ಆಗಸ್ಟ್ 10, ಬೆಳಿಗ್ಗೆ 6:50

ನನ್ನ ತಂಗಿಗೆ ಹುಟ್ಟಿನಿಂದ ಹೃದಯದ ತೊಂದರೆ. ನಾನು ಆರೋಗ್ಯವಂತ. ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನ ಮನೆಯಲ್ಲಿ ಯಾರೂ ಇರಲಿಲ್ಲ, ಎಲ್ಲರೂ ಆಸ್ಪತ್ರೆಯಲ್ಲಿದ್ದರು. ನನಗೆ ಜ್ವರ ಬಂದರೆ ಒಳಗೊಳಗೇ ಸಂತೋಷವಾಗುತ್ತಿತ್ತು, ಅಂದು ಅಮ್ಮ ನನ್ನ ಹಣೆ ಮುಟ್ಟುತ್ತಾಳೆ ಎಂದು. ಪೊನ್ನಂಪೇಟೆಯ ಅಕ್ಕನಿಗೆ ಇನ್ನೊಂದು ಮಗುವಿದ್ದರೆ ವಾರಕ್ಕೆ ಒಂದು ಗಂಟೆ ಅದಕ್ಕೆಂದೇ ಇಡಿ. ಆ ಗಂಟೆಯಲ್ಲಿ ಸಕ್ಕರೆಯ ಮಾತು ಬೇಡ.

ಪೊನ್ನಂಪೇಟೆಯ ಅವ್ವ | ಸೆಪ್ಟೆಂಬರ್ 5, ರಾತ್ರಿ 9:45

ತಡವಾಗಿ ಉತ್ತರಿಸುತ್ತಿದ್ದೇನೆ. ಎಲ್ಲವನ್ನೂ ಓದಿದೆ, ಕೆಲವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ನಾಪೋಕ್ಲು ಅಣ್ಣನ ಮಾತು ಓದುವಾಗ ನನ್ನ ಮಗ ಎದ್ದು ಹೊರಗೆ ಹೋದ. ಅವನಿಗೆ ಹದಿಮೂರು. ಅಂದಿನಿಂದ ಭಾನುವಾರ ಬೆಳಿಗ್ಗೆ ನಾನೂ ಅವನೂ ಗೋಣಿಕೊಪ್ಪದ ಸಂತೆಗೆ ಇಬ್ಬರೇ ಹೋಗುತ್ತೇವೆ.

ಸಮಾಲೋಚಕಿಯವರು ಹೇಳಿದಂತೆ ಮಗಳಿಂದ ಚಿತ್ರ ಬರೆಸಿದೆ. ಹೊಟ್ಟೆಯೊಳಗೆ ಒಂದು ಕಪ್ಪು ಕೋಣೆ, ಅದರಲ್ಲಿ ಬೆಲ್ಲದ ಅಚ್ಚುಗಳ ರಾಶಿ, ಬಾಗಿಲಿಗೆ ಬೀಗ. ಅಷ್ಟು ಸ್ಪಷ್ಟವಾಗಿ ಬರೆದಳು. ನಾನು ಆ ಕೋಣೆಯ ಪಕ್ಕದಲ್ಲಿ ಕಾವಲುಗಾರರನ್ನು ಬರೆದೆ. ಕಳ್ಳರನ್ನು ಹಿಡಿಯಬೇಕಾದವರು ದಾರಿ ತಪ್ಪಿ ಮನೆಯವರನ್ನೇ ಹಿಡಿದುಕೊಂಡರು, ಮನೆಯವರೇ ಇನ್ಸುಲಿನ್ ಮಾಡುತ್ತಿದ್ದವರು ಎಂದೆ. "ಹಾಗಾದರೆ ಬೆಲ್ಲ ಏನೂ ಮಾಡಲಿಲ್ಲವೇ?" ಎಂದು ನಾಲ್ಕು ಸಲ ಕೇಳಿದಳು. ನಾಲ್ಕು ಸಲವೂ ಇಲ್ಲ ಎಂದೆ.

ಅತ್ತೆಯವರ ಹತ್ತಿರ ಮಾತಾಡುವುದು ಕಷ್ಟವಾಯಿತು. ಮೊದಲು ಬೇಸರ ಮಾಡಿಕೊಂಡರು. ಕೈಲ್ ಮುಹೂರ್ತದ ಹಬ್ಬದ ದಿನ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಮಾಡುವಾಗ ಅವರೇ ಮೊಮ್ಮಗಳನ್ನು ಕರೆದು, "ಇದರಲ್ಲಿ ನಿನಗೆ ಎಷ್ಟು, ನೀನೇ ಲೆಕ್ಕ ಹೇಳು" ಎಂದರು. ಅಕ್ಕಿಯ ಲೆಕ್ಕ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಎರಡು ಎಂದಳು, ಅದಕ್ಕೆ ತಕ್ಕ ಇನ್ಸುಲಿನ್ ತೆಗೆದುಕೊಂಡಳು. ಊರಿಗೆ ಗೊತ್ತಾದರೆ ನಾಳೆ ಮದುವೆಗೆ ತೊಡಕು ಎಂಬ ಮಾತನ್ನು ಮಾತ್ರ ಅತ್ತೆ ಇನ್ನೂ ಬಿಟ್ಟಿಲ್ಲ. ಅದು ಒಂದು ದಿನದ ಕೆಲಸವಲ್ಲ ಎಂದು ಸುಮ್ಮನಾದೆ.

ಶಾಲೆಯಲ್ಲಿ ದೊಡ್ಡವರಿಗೆಲ್ಲ ಹೇಳಿದ್ದೇವೆ. ಗೆಳತಿಯರಿಗೆ ಹೇಳುವುದು ಅವಳಿಗೆ ಬಿಟ್ಟದ್ದು. ಇದುವರೆಗೆ ಯಾರಿಗೂ ಹೇಳಿಲ್ಲ.

ಸಮಾಲೋಚಕಿ ಮೇಡಂ, ನೀವು ನನ್ನನ್ನು ಕೇಳಿದ ಪ್ರಶ್ನೆಗೆ ಉತ್ತರ: ಯಾರ ಮುಂದೆಯೂ ಅತ್ತಿರಲಿಲ್ಲ. ಒಂದು ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದೆ. ಕನ್ನಡದಲ್ಲೇ ಮಾತಾಡಿದರು. ಅರ್ಧ ಗಂಟೆ ಮಾತಿಗಿಂತ ಹೆಚ್ಚು ಅತ್ತೆ.

ಆಪ್ತಸಮಾಲೋಚಕಿ, ಮಡಿಕೇರಿ | ಸೆಪ್ಟೆಂಬರ್ 6, ಬೆಳಿಗ್ಗೆ 7:30

ಒಳ್ಳೆಯದಾಯಿತು. ಚುಚ್ಚಿಕೊಳ್ಳುವುದು ಬೇಕೋ ಬೇಡವೋ ಎಂಬ ಆಯ್ಕೆ ಅವಳಿಗಿಲ್ಲ, ಆದರೆ ಎಡ ತೊಡೆಯೋ ಬಲ ತೊಡೆಯೋ, ಅಡುಗೆಮನೆಯಲ್ಲೋ ಜಗುಲಿಯಲ್ಲೋ ಎಂಬುದು ಅವಳದ್ದಾಗಲಿ. ಲೆಕ್ಕ ಬರುತ್ತದೆ ಎಂದು ಪೂರ್ತಿ ಅವಳ ಕೈಗೆ ಬಿಟ್ಟುಬಿಡಬೇಡಿ. ಹದಿಹರೆಯದಲ್ಲೂ ದೊಡ್ಡವರೊಬ್ಬರು ಜತೆಗಿರಬೇಕು. ಎರಡು ವಾರಕ್ಕಿಂತ ಹೆಚ್ಚು ನಿದ್ದೆ ಕೆಟ್ಟರೆ, ಶಾಲೆ ಬೇಡವೆಂದರೆ, ಇನ್ಸುಲಿನ್ ಬೇಕೆಂದೇ ತಪ್ಪಿಸಿದರೆ, ಬದುಕು ಬೇಡ ಎಂಬ ಮಾತು ಬಂದರೆ ತಡಮಾಡದೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ.

ಸಿದ್ದಾಪುರ ನಿವಾಸಿ | ಸೆಪ್ಟೆಂಬರ್ 6, ಬೆಳಿಗ್ಗೆ 8:10

ಮಳೆಗಾಲದಲ್ಲಿ ನಾಲ್ಕು ನಾಲ್ಕು ದಿನ ಕರೆಂಟ್ ಇರುವುದಿಲ್ಲ, ಇನ್ಸುಲಿನ್ ಏನು ಮಾಡುತ್ತೀರಿ? ನನ್ನ ಅಕ್ಕನ ಮಗನಿಗೂ ಈಗ ಶುರುವಾಗಿದೆ.

ಸೋಮವಾರಪೇಟೆಯ ಒಬ್ಬ ತಂದೆ | ಸೆಪ್ಟೆಂಬರ್ 6, ಬೆಳಿಗ್ಗೆ 8:45

ತೆರೆದು ಬಳಸುತ್ತಿರುವುದು ಸಾಮಾನ್ಯವಾಗಿ ನಾಲ್ಕು ವಾರ ಹೊರಗೇ ಇರಬಹುದು, ನಮ್ಮ ಮಳೆಗಾಲದ ತಂಪು ಅದಕ್ಕೆ ಸಾಕು. ತೆರೆಯದವು 2ರಿಂದ 8 ಡಿಗ್ರಿಯಲ್ಲಿರಬೇಕು. ಫ್ರಿಜ್ ಮುಚ್ಚಿಯೇ ಇದ್ದರೆ ತಂಪು ಹಲವು ಗಂಟೆ ಉಳಿಯುತ್ತದೆ, ಆಮೇಲೆ ಜನರೇಟರ್ ಇರುವ ಔಷಧದಂಗಡಿಯಲ್ಲಿ ಕೇಳಿ ಇಡಿಸಿ. ಹೆಪ್ಪುಗಟ್ಟಿದರೆ ಕೆಟ್ಟಂತೆಯೇ, ಐಸ್ ಪೆಟ್ಟಿಗೆಯ ಹತ್ತಿರ ಇಡಬೇಡಿ.

ಪೊನ್ನಂಪೇಟೆಯ ಅವ್ವ | ಡಿಸೆಂಬರ್, ಹುತ್ತರಿಯ ಮರುದಿನ

ನಿನ್ನೆ ನಮ್ಮ ಸುಗ್ಗಿ ಹಬ್ಬ ಹುತ್ತರಿ, ರಾತ್ರಿ ಹೊಸ ಭತ್ತದ ಕದಿರು ತೆಗೆಯಲು ಗದ್ದೆಗೆ ಹೋಗಿದ್ದೆವು. ಊಟ ತಡವಾಗುತ್ತದೆ ಎಂದು ಮೊದಲೇ ಯೋಚಿಸಿ ಸ್ವಲ್ಪ ತಿನ್ನಿಸಿದ್ದೆ. ಆದರೂ ಗದ್ದೆಯ ಬದುವಿನಲ್ಲಿ ಮಕ್ಕಳೆಲ್ಲ ಓಡುವಾಗ ಇವಳು ನಿಂತಳು. ನಾನು ಇಪ್ಪತ್ತು ಮಾರು ದೂರದಲ್ಲಿದ್ದೆ. ಟಾರ್ಚಿನ ಬೆಳಕಿನಲ್ಲಿ ಬೆರಳು ಚುಚ್ಚಿಕೊಳ್ಳುವುದು ಕಂಡಿತು. ಎಲ್ಲರ ಮುಂದೆ. ಚಿಕ್ಕಪ್ಪನ ಮಗಳು "ಅದೇನು?" ಎಂದಳು. "ನನಗೆ ಸಕ್ಕರೆ ಇಳಿಯುತ್ತದೆ, ಇದು ತಿಂದರೆ ಸರಿಯಾಗುತ್ತದೆ. ನೀವು ನಿಲ್ಲಿ, ನಾನೂ ಬರುತ್ತೇನೆ" ಎಂದಳು. ಅವರು ನಿಂತರು. ಹದಿನೈದು ನಿಮಿಷ ಐದು ಮಕ್ಕಳು ಬದುವಿನ ಮೇಲೆ ಕುಳಿತು ಕಾದರು. ನಾನು ಹತ್ತಿರ ಹೋಗಲಿಲ್ಲ, ಹೋಗದೆ ನಿಲ್ಲುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಬೆಳೆ ಹೆಚ್ಚಲಿ ಎಂದು ಎಲ್ಲರೂ "ಪೊಲಿ ಪೊಲಿ ದೇವಾ" ಕೂಗುವಾಗ ಅವಳ ದನಿ ಕೇಳಿಸಿತು.

ಈಗ ಪಕ್ಕದಲ್ಲೇ ಕುಳಿತಿದ್ದಾಳೆ. ಇಲ್ಲಿ ಒಂದು ಪ್ರಶ್ನೆ ಬರೆಯಬೇಕಂತೆ, ಅವಳ ಮಾತಿನಲ್ಲೇ ಬರೆಯುತ್ತೇನೆ: "ನಮ್ಮ ಕಡೆ ನನ್ನ ಹಾಗೆ ಇನ್ಸುಲಿನ್ ತೆಗೆದುಕೊಳ್ಳುವವರು ಬೇರೆ ಯಾರಾದರೂ ಇದ್ದಾರೆಯೇ? ಅವರಿಗೆ ಹಾಕಿ ಬರುತ್ತದೆಯೇ?"

ರೈಟ್ ಬ್ಯಾಕ್ 22 | ಅದೇ ದಿನ, ಮಧ್ಯಾಹ್ನ 12:30

ಇದ್ದಾರೆ ಪುಟ್ಟಿ. ಬರುತ್ತದೆ. ಹುತ್ತರಿಗೆ ಊರಿಗೆ ಬಂದಿದ್ದೇನೆ, ಸೋಮವಾರದವರೆಗೆ ಇರುತ್ತೇನೆ. ಅವ್ವ ಒಪ್ಪಿದರೆ ಶನಿವಾರ ಸಂಜೆ ನಾಲ್ಕಕ್ಕೆ ಪೊನ್ನಂಪೇಟೆಯ ಟರ್ಫ್ ಮೈದಾನದ ಗೇಟಿನ ಹತ್ತಿರ ಸಿಗೋಣ. ನಿನ್ನ ಸ್ಟಿಕ್ ತೆಗೆದುಕೊಂಡು ಬಾ. ಗ್ಲೂಕೋಸ್ ನಿನ್ನದು ನಿನ್ನ ಹತ್ತಿರ, ಒಂದು ನನ್ನ ಹತ್ತಿರ.